ಇಂದಿನ ಚಿಂತನ: ಹಾಡೂ ಬೇಕು, ಹಾಡುವವರೂ ಬೇಕು





ನನ್ನಪ್ಪ ತಮಟೆ ಬಾರಿಸುತ್ತಿದ್ದರು. ಜಾತ್ರೆಯಲ್ಲಿ ಆ ಪೆಟ್ಟಿಗೆ ಊರೆಲ್ಲ ಕುಣಿಯುತ್ತಿತ್ತು. ಕುಣಿದು ದಣಿದವರೇ ಅಪ್ಪನ ಬೊಗಸೆಗೆ ಮಾತ್ರ ಎತ್ತರದಿಂದ ನೀರು ಸುರಿಯುತ್ತಿದ್ದರು. ಬೇರೆಯವರ ಸಂಗೀತವನ್ನು ಪ್ರೀತಿಸುವುದೆಂದರೇನು ಎಂದು ಯೋಚಿಸಿದಾಗಲೆಲ್ಲ ನನಗೆ ಆ ಬೊಗಸೆ ನೆನಪಾಗುತ್ತದೆ. ಜೊತೆಗೆ ಪಾಲ್ ರಾಬ್ಸನ್ ನೆನಪಾಗುತ್ತಾರೆ.

ರಾಬ್ಸನ್ ಹುಟ್ಟಿದ್ದು 1898ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ. ತಂದೆ ಹುಟ್ಟಿನಿಂದ ಗುಲಾಮರು, ಹದಿಹರೆಯದಲ್ಲಿ ತಪ್ಪಿಸಿಕೊಂಡು ಬಂದು ಪಾದ್ರಿಯಾದವರು. ಬಾಬಾಸಾಹೇಬರು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೇ ರಾಬ್ಸನ್ 1923ರಲ್ಲಿ ಕಾನೂನು ಪದವಿ ಪಡೆದರು. ವಕೀಲರ ಕಚೇರಿಯೊಂದಕ್ಕೆ ಸೇರಿದರೆ, ಕಪ್ಪು ಮನುಷ್ಯ ಹೇಳಿದ್ದನ್ನು ಬರೆದುಕೊಳ್ಳಲು ಅಲ್ಲಿನ ಬಿಳಿಯ ಸ್ಟೆನೋಗ್ರಾಫರ್ ಒಪ್ಪಲಿಲ್ಲ. ಬರೋಡದಲ್ಲಿ ಬಾಬಾಸಾಹೇಬರ ಮೇಜಿನ ಮೇಲೆ ಕಡತ ಎಸೆದ ಜವಾನರನ್ನು ನಾವು ಬಲ್ಲೆವು. ರಾಬ್ಸನ್ ವಕೀಲಿ ಬಿಟ್ಟರು, ನಟರಾದರು, ಗಾಯಕರಾದರು.

ಮೊದಲು ಹಾಡಿದ್ದು ತಮ್ಮವರ ಹಾಡನ್ನೇ, ಗುಲಾಮರ ಹಾಡನ್ನು. 1929ರ ಸುಮಾರಿಗೆ ಲಂಡನ್ನಿನ ಬೀದಿಯಲ್ಲಿ ಬೇರೊಂದು ಹಾಡು ಕಿವಿಗೆ ಬಿತ್ತು. ಕೆಲಸ ಕಳೆದುಕೊಂಡು ವೇಲ್ಸ್‌ನಿಂದ ನಡೆದು ಬಂದಿದ್ದ ಗಣಿ ಕಾರ್ಮಿಕರು ಹಾಡುತ್ತಿದ್ದರು. ಅವರು ಬಿಳಿಯರು, ಅವರ ನಾಡೇ ಬೇರೆ. ರಾಬ್ಸನ್ ಕೇಳಿ ತಲೆದೂಗಿ ಮನೆಗೆ ಹೋಗಲಿಲ್ಲ. ಅವರ ಜೊತೆ ನಡೆದರು, ಅವರಿಗಾಗಿ ಹಾಡಿದರು, ಊರಿಗೆ ಮರಳಲು ರೈಲಿನ ಖರ್ಚು ಕೊಟ್ಟರು. ಮುಂದೆ ಆ ಗಣಿಯ ಊರುಗಳಿಗೆ ಮತ್ತೆ ಮತ್ತೆ ಹೋದರು. ರಷ್ಯನ್, ಚೀನೀ, ಯಿಡ್ಡಿಷ್ ಹಾಡುಗಳನ್ನು ಆಯಾ ಭಾಷೆಯಲ್ಲೇ ಕಲಿತು ಹಾಡಿದರು. ದೂರದೂರದ ಜನಪದ ಹಾಡುಗಳಿಗೆಲ್ಲ ಐದು ಸ್ವರಗಳ ಒಂದೇ ಬುನಾದಿ ಇದೆ ಎಂದು ನಂಬಿದ್ದರು. ನಮ್ಮ ಮೋಹನ ರಾಗಕ್ಕೂ ಐದೇ ಸ್ವರ.

ಕಪ್ಪು ಜನರ ಹಕ್ಕಿಗಾಗಿಯೂ ಸೋವಿಯತ್ ಪರವಾಗಿಯೂ ಮಾತಾಡುತ್ತಿದ್ದ ಅವರ ಪಾಸ್‌ಪೋರ್ಟನ್ನು 1950ರಲ್ಲಿ ಅಮೆರಿಕ ಸರ್ಕಾರ ರದ್ದು ಮಾಡಿತು. 1957ರಲ್ಲಿ ವೇಲ್ಸ್‌ನ ಗಣಿ ಕಾರ್ಮಿಕರು ತಮ್ಮ ಉತ್ಸವಕ್ಕೆ ಕರೆದಾಗ ಹೋಗುವಂತಿರಲಿಲ್ಲ. ನ್ಯೂಯಾರ್ಕಿನಲ್ಲೇ ಕೂತು, ಸಮುದ್ರದಡಿಯ ಟೆಲಿಫೋನ್ ತಂತಿಯಲ್ಲಿ ಹಾಡಿದರು. ಪೋರ್ತ್‌ಕಾಲ್ ಊರಿನಲ್ಲಿ ಸೇರಿದ್ದ ಸಾವಿರಾರು ಜನ ಕೇಳಿದರು, ತಿರುಗಿ ಅವರಿಗಾಗಿ ಹಾಡಿದರು. ಮರುವರ್ಷ ಪಾಸ್‌ಪೋರ್ಟ್ ಮರಳಿ ಸಿಕ್ಕಿತು. 1976ರಲ್ಲಿ ರಾಬ್ಸನ್ ತೀರಿಕೊಂಡರು.

ಬಂಧುಗಳೇ, ತಮಟೆಗೆ ಕುಣಿದವರನ್ನು ದೂರುವುದು ನನಗೆ ಸುಲಭ. ಆದರೆ ನನಗೆ ಕವ್ವಾಲಿ ಎಂದರೆ ಪ್ರಾಣ. ಅದನ್ನು ಹಾಡುವವರ ಬೀದಿ ನಮ್ಮ ಶಾಲೆಯ ಹಿಂದೆಯೇ ಇದೆ. ಇಷ್ಟು ವರ್ಷಗಳಲ್ಲಿ ಅಲ್ಲಿ ಒಂದು ಲೋಟ ನೀರು ಕೇಳಿ ಕುಡಿದವನಲ್ಲ ನಾನು. ಇವತ್ತಿನ ಮೈತ್ರಿ ಭಾವನೆಗೆ ಕೂರುವಾಗ ಇದು ನನ್ನ ಮುಂದಿರುತ್ತದೆ. ನಿಮ್ಮ ಮುಂದೆ ಯಾವ ಬೀದಿ ಇದೆ, ಒಮ್ಮೆ ನೋಡಿಕೊಳ್ಳಿ.

ನಮೋ ಬುದ್ಧಾಯ. ಜೈ ಭೀಮ್.