ಡಾಕ್ಟರ್ ಪರ್ಲ್ ಕೆಂಡ್ರಿಕ್‌ರವರ ಜೀವಿತ

ನಾಯಿಕೆಮ್ಮು ಹಿಡಿದ ಕೂಸನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿಯೆಲ್ಲಾ ಕಳೆದ ತಾಯಂದಿರು ನಮ್ಮ ವಾಚಕರಲ್ಲಿ ಈಗ ವಿರಳ. ಇದಕ್ಕೆ ಕಾರಣರಾದವರಲ್ಲಿ ಒಬ್ಬರು ಮೊದಲಿಗೆ ಉಪಾಧ್ಯಾಯಿನಿಯಾಗಿದ್ದರೆಂಬುದು ನಮ್ಮ ಶಾಲೆಯವರಿಗೆ ಸಂತೋಷವನ್ನುಂಟುಮಾಡತಕ್ಕ ಸಂಗತಿ.

ಪರ್ಲ್ ಕೆಂಡ್ರಿಕ್‌ರವರು 1890ನೆಯ ಇಸವಿಯಲ್ಲಿ ಅಮೆರಿಕಾದ ಇಲಿನಾಯ್ ಸಂಸ್ಥಾನದ ವೀಟನ್ ಎಂಬ ಊರಿನಲ್ಲಿ ಸುವಾರ್ತಾ ಬೋಧಕರೊಬ್ಬರ ಮಗಳಾಗಿ ಜನಿಸಿದರು. ಮೂರನೆಯ ವಯಸ್ಸಿನಲ್ಲಿ ಅವರಿಗೇ ನಾಯಿಕೆಮ್ಮು ಬಂದಿತ್ತು, ದೈವಕೃಪೆಯಿಂದ ಉಳಿದುಕೊಂಡರು. 1914ರಲ್ಲಿ ಸಿರಕ್ಯೂಸ್ ವಿಶ್ವವಿದ್ಯಾನಿಲಯದ ಪದವಿ ಪಡೆದು, ಕೆಲವು ಕಾಲ ಪಾಠ ಹೇಳಿ, ತರುವಾಯ ಮಿಷಿಗನ್ ಸಂಸ್ಥಾನದ ಆರೋಗ್ಯ ಇಲಾಖೆಯನ್ನು ಸೇರಿದರು. 1926ರಲ್ಲಿ ಗ್ರಾಂಡ್ ರ‍್ಯಾಪಿಡ್ಸ್ ಪಟ್ಟಣದ ಪ್ರಯೋಗಶಾಲೆ ಅವರ ವಶಕ್ಕೆ ಬಂದಿತು.

ಆ ದಿನಗಳಲ್ಲಿ ಆ ಒಂದು ದೇಶದಲ್ಲಿಯೇ ವರುಷಕ್ಕೆ ಸುಮಾರು 6,000 ಜನರು ಈ ಕೆಮ್ಮಿನಿಂದ ಸಾಯುತ್ತಿದ್ದರು. ಹೆಚ್ಚಿನವರು ಎಳೆಯ ಮಕ್ಕಳು. ಹಗಲೆಲ್ಲಾ ಹಾಲು ನೀರುಗಳನ್ನು ಪರೀಕ್ಷಿಸುವುದು ಪ್ರಯೋಗಶಾಲೆಯ ನಿತ್ಯದ ಕೆಲಸ. 1932ರಿಂದ ಕೆಂಡ್ರಿಕ್‌ರವರೂ ಅವರ ಸಹಕಾರಿಣಿ ಗ್ರೇಸ್ ಎಲ್ಡರಿಂಗ್‌ರವರೂ ಆ ಕೆಲಸ ಮುಗಿದ ಮೇಲೆ ರೋಗಿಗಳ ಮನೆಗಳಿಗೆ ಹೊರಡತೊಡಗಿದರು. ಎಲ್ಡರಿಂಗ್‌ರವರೂ ಮೊದಲು ಉಪಾಧ್ಯಾಯಿನಿಯೇ. ಐದನೆಯ ವಯಸ್ಸಿನಲ್ಲಿ ಅದೇ ಕೆಮ್ಮನ್ನು ಅನುಭವಿಸಿದವರು. ಅದು ಮಹಾ ಮುಗ್ಗಟ್ಟಿನ ಕಾಲ. ತಂದೆಗೆ ಕೆಲಸವಿಲ್ಲದ ಮನೆಗಳಲ್ಲಿ ಸೀಮೆಎಣ್ಣೆಯ ದೀಪದ ಬೆಳಕಿನಲ್ಲಿ, ರಕ್ತ ಬೆರೆಸಿದ ಪಾಕವುಳ್ಳ ಗಾಜಿನ ತಟ್ಟೆಯನ್ನು ಮಗುವಿನ ಬಾಯೆದುರು ಹಿಡಿದು ಕೆಮ್ಮಿಸಿ, ರೋಗಾಣುಗಳನ್ನು ಸಂಗ್ರಹಿಸಿದರು. ಅವುಗಳನ್ನು ಬೆಳೆಸಿ, ಕೊಂದು, ಚುಚ್ಚುಮದ್ದನ್ನು ಸಿದ್ಧಪಡಿಸಿ, ಮಕ್ಕಳಿಗೆ ಕೊಡುವ ಮೊದಲು ತಮ್ಮ ತೋಳಿಗೇ ಚುಚ್ಚಿಕೊಂಡರು.

ಇಂಥ ಮದ್ದುಗಳು ಹಿಂದೆಯೂ ಹುಟ್ಟಿದ್ದುವು. ಆದರೆ ಮದ್ದು ಪಡೆಯದ ಮಕ್ಕಳೊಡನೆ ಸರಿಯಾಗಿ ಹೋಲಿಸಿ ನೋಡದಿದ್ದುದರಿಂದ ವೈದ್ಯರಿಗೆ ನಂಬಿಕೆಯಿರಲಿಲ್ಲ. ಕೆಂಡ್ರಿಕ್‌ರವರ ನಿಜವಾದ ಹಿರಿಮೆ ಈ ಹೋಲಿಕೆಯಲ್ಲಿದೆಯೆಂದು ನಾವು ತಿಳಿಯುತ್ತೇವೆ. 1934ರಲ್ಲಿ ತೊಡಗಿದ ಪರೀಕ್ಷೆಯ ಮೊದಲ ವರದಿಯಂತೆ, ಮದ್ದು ಪಡೆದ 712 ಮಕ್ಕಳಲ್ಲಿ ಕೆಮ್ಮು ಬಂದದ್ದು 4 ಮಕ್ಕಳಿಗೆ. ಪಡೆಯದ 880 ಮಕ್ಕಳಲ್ಲಿ 45 ಮಕ್ಕಳಿಗೆ. ಹಣ ಸಾಲದಾದಾಗ ಅವರು ರಾಷ್ಟ್ರಾಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್‌ರವರನ್ನೇ ಆಹ್ವಾನಿಸಿದರು! ಆ ಮಹಿಳೆ 1936ರಲ್ಲಿ ಬಂದು, ಬಹಳ ಹೊತ್ತು ಇದ್ದು ಎಲ್ಲವನ್ನೂ ನೋಡಿಹೋದರು; ತರುವಾಯ ಸಹಾಯವೂ ದೊರಕಿತು.

ಮುಂದೆ ಲೋನಿ ಗಾರ್ಡನ್ ಎಂಬ ಕರಿಯ ಜನಾಂಗದ ವಿದ್ಯಾವತಿಯೂ ಇವರನ್ನು ಕೂಡಿಕೊಂಡರು. 1940ರ ದಶಕದಲ್ಲಿ ಗಂಟಲುಮಾರಿ, ಧನುರ್ವಾಯುಗಳ ಮದ್ದನ್ನೂ ನಾಯಿಕೆಮ್ಮಿನ ಮದ್ದಿನೊಡನೆ ಒಂದೇ ಸೂಜಿಯಲ್ಲಿ ಸೇರಿಸಲಾಯಿತು. ನಮ್ಮ ದೇಶದ ಸರಕಾರವು 1978ರಲ್ಲಿ ಆರಂಭಿಸಿದ ಲಸಿಕೆಯ ಕಾರ್ಯಕ್ರಮದಲ್ಲಿ ಈ ಮೂರು ಕೂಡಿದ ಮದ್ದೂ ಇದ್ದಿತು.

ಕೆಂಡ್ರಿಕ್‌ರವರು 1951ರಲ್ಲಿ ಇಲಾಖೆಯನ್ನು ಬಿಟ್ಟು ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಪುನಃ ಪಾಠ ಹೇಳತೊಡಗಿ, 1980ರಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.