ಮದರಾಸಿನಲ್ಲಿ ಜನಿಸಿದ ಹಿಮಶಿಖರಗಳ ಸಾಹಸಿ: ಸರ್ ಆರ್ನಾಲ್ಡ್ ಲನ್

ಒಲಿಂಪಿಕ್ ಕ್ರೀಡೆಗಳ ಪ್ರಸಾರದಲ್ಲಿ, ನೆಟ್ಟ ಕಂಬಗಳ ನಡುವೆ ಅಂಕುಡೊಂಕಾಗಿ ಹಿಮದ ಮೇಲೆ ಜಾರಿ ಬರುವ ಸ್ಲಾಲಮ್ ಸ್ಪರ್ಧೆಯನ್ನು ನಾವೆಲ್ಲ ಬೆರಗಿನಿಂದ ನೋಡಿದ್ದೇವೆ. ಅದಕ್ಕೆ 1922ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯೂರೆನ್ ಎಂಬಲ್ಲಿ ಆಧುನಿಕ ರೂಪ ಕೊಟ್ಟ ಸರ್ ಆರ್ನಾಲ್ಡ್ ಲನ್ ಜನಿಸಿದ್ದು 1888ರ ಏಪ್ರಿಲ್ 18ರಂದು ಮದರಾಸಿನಲ್ಲಿ. ಇದೇ ನಗರದಲ್ಲಿ ದಶಕಗಳಿಂದ ನೆಲೆಸಿರುವ ನಮ್ಮಲ್ಲಿ ಹಲವರಿಗೆ ಈ ಸಂಗತಿ ತಿಳಿದಿರಲಾರದು.

ತಂದೆ ಹೆನ್ರಿ ಲನ್ ಮೆಥಡಿಸ್ಟ್ ಪಂಥದ ಮಿಷನರಿಯಾಗಿ ಭಾರತಕ್ಕೆ ಬಂದಿದ್ದವರು. ಸ್ವದೇಶಕ್ಕೆ ಮರಳಿದ ಮೇಲೆ ಅವರು ಪ್ರವಾಸೋದ್ಯಮದಲ್ಲಿ ತೊಡಗಿ, ಇಂಗ್ಲಿಷರನ್ನು ಆಲ್ಪ್ಸ್ ಪರ್ವತಗಳಿಗೆ ಕರೆದೊಯ್ಯತೊಡಗಿದರು. ಮಗನಿಗೆ ಬಾಲ್ಯದಲ್ಲಿಯೇ ಹಿಮದ ನಂಟು ಬೆಳೆದದ್ದು ಹೀಗೆ.

1909ರಲ್ಲಿ ವೇಲ್ಸ್ ಪ್ರಾಂತದ ಕಾಡರ್ ಇದ್ರಿಸ್ ಬೆಟ್ಟದಲ್ಲಿ ಬಂಡೆಯೇರುವಾಗ ಬಿದ್ದು, ಅವರ ಬಲಗಾಲು ಜರ್ಜರಿತವಾಯಿತು. ಗಾಯ ವರ್ಷಗಟ್ಟಲೆ ಮಾಯಲಿಲ್ಲ; ಕಾಲು ಶಾಶ್ವತವಾಗಿ ಗಿಡ್ಡವಾಯಿತು. ಆಗ ಅವರಿಗೆ ವಯಸ್ಸು ಕೇವಲ 21. ಅಂಥ ಕಾಲಿನಿಂದಲೇ ಅವರು 1917ರ ಜೂನ್ ತಿಂಗಳಲ್ಲಿ, ಹೆಸರಾಂತ ಮಾರ್ಗದರ್ಶಿ ಯೋಸೆಫ್ ಕ್ನೂಬೆಲ್ ಜೊತೆಗೂಡಿ, 4,545 ಮೀಟರ್ ಎತ್ತರದ ಡೋಮ್ ಶಿಖರವನ್ನು ಸ್ಕೀ ಸಹಾಯದಿಂದ ಏರಿದರು. ಆ ಶಿಖರದ ಮೊದಲ ಸ್ಕೀ ಆರೋಹಣವದು. 1924ರಲ್ಲಿ ಸಂಗಡಿಗರೊಡನೆ ಐಗರ್ ಶಿಖರವನ್ನೂ ಹಾಗೆಯೇ ಏರಿದರು.

ಹಿಮನದಿ ಹೊದ್ದ ಶಿಖರವನ್ನು ಸ್ಕೀ ಕಟ್ಟಿಕೊಂಡು ಏರಿಳಿಯುವುದು ಕೇವಲ ತೋಳ್ಬಲದ ಮಾತಲ್ಲ. ಹಿಂದೆ ಸ್ಕೀ ಹಲಗೆಯ ಅಡಿಗೆ ಸೀಲ್ ಪ್ರಾಣಿಯ ಚರ್ಮ ಬಿಗಿಯುತ್ತಿದ್ದರು; ಅದರ ರೋಮ ಹಿಂದಕ್ಕೆ ಜಾರಗೊಡುತ್ತಿರಲಿಲ್ಲ. ಹಿಮದಡಿಯ ಬಿರುಕುಗಳಿಗೆ ಅಂಜಿ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಳ್ಳುತ್ತಾರೆ. ಹಿಮ ಗಟ್ಟಿಯಾಗಿರುವ ನಸುಕಿಗೆ ಮುನ್ನವೇ ಹೊರಟು, ಬಿಸಿಲಿಗೆ ಮೇಲ್ಪದರವಷ್ಟೇ ಮೆದುವಾದ ಹೊತ್ತಿಗೆ ಇಳಿಯತೊಡಗಬೇಕು. ತಡವಾದರೆ ಹಿಮ ಕೆಸರಿನಂತಾಗಿ ಕುಸಿಯುವ ಭಯ; ಬೇಗನಾದರೆ ಗಾಜಿನಂಥ ಗಡಸು. ಹಿಮದ ಈ ಸ್ವಭಾವವನ್ನು ಲನ್ ಶಾಸ್ತ್ರದಂತೆ ಅಧ್ಯಯನ ಮಾಡಿ, ಗ್ರಂಥಗಳಲ್ಲಿ ದಾಖಲಿಸಿದರು. ಸ್ಕೀ ಚಳಿಗಾಲಕ್ಕೆ ಮಾತ್ರ ಮೀಸಲಲ್ಲ, ಎತ್ತರದ ಪರ್ವತಗಳಿಗೆ ವಸಂತವೇ ಪ್ರಶಸ್ತ ಎಂಬುದನ್ನು ಸಾರಿದವರಲ್ಲಿ ಅವರು ಪ್ರಮುಖರು.

ಇಳಿಜಾರಿನ ಓಟ ಮತ್ತು ಸ್ಲಾಲಮ್‌ಗಳಿಗೆ ಅಂತಾರಾಷ್ಟ್ರೀಯ ಮನ್ನಣೆ ದೊರಕಿಸಲು ಅವರು ವರ್ಷಗಳ ಕಾಲ ಹೋರಾಡಿದರು. 1931ರಲ್ಲಿ ಮ್ಯೂರೆನ್‌ನಲ್ಲಿ ವಿಶ್ವ ಸ್ಪರ್ಧೆ ನಡೆಯಿತು. 1936ರಲ್ಲಿ ಆಲ್ಪೈನ್ ಸ್ಕೀ ಒಲಿಂಪಿಕ್ಸ್ ಪ್ರವೇಶಿಸಿತು. 1952ರಲ್ಲಿ ಅವರಿಗೆ ಸರ್ ಪದವಿ ಸಂದಿತು. 1974ರ ಜೂನ್ 2ರಂದು ಲಂಡನ್ನಿನಲ್ಲಿ ನಿಧನರಾದರು.

ದಿನವಿಡೀ ಬ್ಯಾಂಕಿನ ಕುರ್ಚಿಯಲ್ಲಿ ಕುಳಿತು, ಮಂಡಿನೋವಿನ ನೆಪದಲ್ಲಿ ಎರಡು ಮಹಡಿಗೂ ಲಿಫ್ಟ್ ಕಾಯುವ ನಮ್ಮಂಥವರಿಗೆ ಈ ಬದುಕು ಮೌನವಾಗಿಯೇ ಬುದ್ಧಿ ಹೇಳುತ್ತದೆ. ಶಿಖರ ನಮ್ಮ ಪಾಲಿಗಿಲ್ಲದಿರಬಹುದು; ಮೆಟ್ಟಿಲುಗಳಂತೂ ಇವೆ.