ಕಾಣದ ಅನಿಲದ ಚಲನೆ ಅಳೆದ ವಿ. ರಾಧಾಕೃಷ್ಣನ್

ನೊಬೆಲ್ ಪುರಸ್ಕೃತ ಸರ್ ಸಿ.ವಿ. ರಾಮನ್ ಅವರ ಹೆಸರು ಕೇಳದ ವಿದ್ಯಾರ್ಥಿ ಇಲ್ಲ. ಆದರೆ ಅವರ ಮಗ ವಿ. ರಾಧಾಕೃಷ್ಣನ್ ಅವರ ಸಾಧನೆ ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ನಮ್ಮ ಮಕ್ಕಳಿಗೆ ಅಷ್ಟಾಗಿ ತಿಳಿದಿಲ್ಲ.

1929ರ ಮೇ 18ರಂದು ಮದ್ರಾಸಿನಲ್ಲಿ ಜನಿಸಿದ ಇವರು ಮೈಸೂರು ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಆನರ್ಸ್ ಪದವಿ ಪಡೆದರು. ಪಿಎಚ್.ಡಿ. ಮಾಡಲಿಲ್ಲ. ಸ್ವೀಡನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ರೇಡಿಯೋ ಉಪಕರಣಗಳನ್ನು ಕೈಯಾರೆ ಕಟ್ಟುತ್ತಲೇ ಖಗೋಳ ವಿಜ್ಞಾನ ಕಲಿತರು.

ನಮ್ಮ ಆಕಾಶಗಂಗೆಯು ಜೋಳದ ರೊಟ್ಟಿಯಂತೆ ಚಪ್ಪಟೆಯಾಗಿದ್ದು, ಸದಾ ತಿರುಗುತ್ತಿರುವ ನಕ್ಷತ್ರಕೂಟ. ಅದರ ನಕ್ಷತ್ರಗಳ ನಡುವೆ ಹೈಡ್ರೋಜನ್ ಅನಿಲ ಹರಡಿದೆ. ಅದು ಕಣ್ಣಿಗೆ ಕಾಣದು. ಆದರೆ ಹೈಡ್ರೋಜನ್ ಪರಮಾಣು 21 ಸೆಂ.ಮೀ. ಉದ್ದದ ರೇಡಿಯೋ ಅಲೆ ಸೂಸುತ್ತದೆ. ವಾಡಿ ಜಂಕ್ಷನ್ನಿನಲ್ಲಿ ನಿಲ್ಲದೆ ಹೋಗುವ ಗೂಡ್ಸ್ ಗಾಡಿಯ ಸೀಟಿಯನ್ನು ನೆನೆಯಿರಿ. ಗಾಡಿ ಹತ್ತಿರ ಬರುವಾಗ ದನಿ ಏರಿರುತ್ತದೆ, ದೂರ ಸರಿದಾಗ ಇಳಿಯುತ್ತದೆ. ಹಾಗೆಯೇ ನಮ್ಮತ್ತ ಬರುವ ಅನಿಲದ ಅಲೆ ತುಸು ಕುಗ್ಗುತ್ತದೆ, ದೂರ ಹೋಗುವ ಅನಿಲದ ಅಲೆ ಹಿಗ್ಗುತ್ತದೆ. ಈ ವ್ಯತ್ಯಾಸದಿಂದ ಅನಿಲದ ವೇಗ ತಿಳಿಯುತ್ತದೆ. ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿ ರಾಧಾಕೃಷ್ಣನ್ ಮತ್ತು ಸಂಗಡಿಗರು ಹೀಗೆ ಆಕಾಶಗಂಗೆಯ ತಣ್ಣನೆಯ ಅನಿಲ ಮೋಡಗಳ ಚಲನೆಯನ್ನು ಅಳೆದು, 1972ರಲ್ಲಿ ಪ್ರಕಟಿಸಿದರು.

1970ರಲ್ಲಿ ತಂದೆ ತೀರಿಕೊಂಡರು. ವಿದೇಶದಲ್ಲಿ ಹೆಸರು ಮಾಡಿದ್ದ ಮಗ 1972ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ತಂದೆಯ ಕೀರ್ತಿಯನ್ನೇ ನೆಚ್ಚಿ ಕೂರದೆ, ಅಲ್ಲಿ ರೇಡಿಯೋ ಖಗೋಳ ವಿಜ್ಞಾನವನ್ನು ಬೆಳೆಸಿದರು. ತಣ್ಣನೆಯ ದಟ್ಟ ಮೋಡಗಳಲ್ಲಿ ಪರಮಾಣುಗಳು ಕೂಡಿ ಅಣುಗಳಾಗುತ್ತವೆ; ನಕ್ಷತ್ರಗಳು ಹುಟ್ಟುವುದು ಅಲ್ಲಿಯೇ. ಅಲ್ಲಿನ ಹೈಡ್ರೋಜನ್ ಅಣುಗಳು ಸುಲಭವಾಗಿ ಅಲೆ ಸೂಸುವುದಿಲ್ಲ. ಆದ್ದರಿಂದ ಜೊತೆಗಿರುವ ಕಾರ್ಬನ್ ಮಾನಾಕ್ಸೈಡಿನ 2.6 ಮಿ.ಮೀ. ಅಲೆಯನ್ನು ಹಿಡಿಯಬೇಕು. ಅದಕ್ಕಾಗಿ ಸಂಸ್ಥೆಯ ಆವರಣದಲ್ಲೇ 10.4 ಮೀಟರ್ ಅಗಲದ ದೂರದರ್ಶಕ ನಿಂತಿತು. ಪುಣೆ ಸಮೀಪದ ದೈತ್ಯ ರೇಡಿಯೋ ದೂರದರ್ಶಕದ 30 ತಟ್ಟೆಗಳಿಗೆ 21 ಸೆಂ.ಮೀ. ಅಲೆ ಹಿಡಿಯುವ ಉಪಕರಣಗಳನ್ನೂ ಇದೇ ಸಂಸ್ಥೆ ತಯಾರಿಸಿತು. ನೆರೆಯ ನಕ್ಷತ್ರಕೂಟಗಳ ಅನಿಲದ ಚಲನೆಯನ್ನು ಅಲ್ಲಿ ಅಧ್ಯಯನ ಮಾಡಲಾಗಿದೆ. ಇಂಥ ಅಳತೆಗಳಲ್ಲಿ ಒಂದು ಅಚ್ಚರಿ ಕಂಡಿದೆ: ಅಂಚಿನ ಅನಿಲವೂ ನಿರೀಕ್ಷಿಸಿದಷ್ಟು ನಿಧಾನವಾಗಿ ತಿರುಗುವುದಿಲ್ಲ. ಕಾಣದ ದ್ರವ್ಯವೊಂದು ಅದನ್ನು ಸೆಳೆದು ಹಿಡಿದಿರಬೇಕೆಂದು ಬಹುತೇಕ ವಿಜ್ಞಾನಿಗಳು ನಂಬುತ್ತಾರೆ. ಅದು ಏನೆಂದು ಇಂದಿಗೂ ಪತ್ತೆಯಾಗಿಲ್ಲ.

ರಾಧಾಕೃಷ್ಣನ್ 1994ರವರೆಗೆ ನಿರ್ದೇಶಕರಾಗಿದ್ದರು. ಪಿಎಚ್.ಡಿ. ಮಾಡದ ಇವರಿಗೆ 1996ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 2011ರ ಮಾರ್ಚ್ 3ರಂದು ಅವರು ನಿಧನರಾದರು.

ವಿದ್ಯಾರ್ಥಿ ಮಿತ್ರರೇ, ಪದವಿ ಬೇಡವೆಂದು ಇದರರ್ಥವಲ್ಲ. ಕೈಕೆಲಸವನ್ನು ಕೀಳೆಂದು ಬಗೆಯದೆ, ಪ್ರಶ್ನೆ ಬಿಡದೆ ದುಡಿದವನಿಗೆ ಜ್ಞಾನದ ಬಾಗಿಲು ತೆರೆಯುತ್ತದೆ ಎಂಬುದೇ ಈ ಜೀವನದ ಪಾಠ.